ಎದೆಯ ಮೇಲೆ ಒಣಗಿದ ಉಪ್ಪು

ಮೂವತ್ತೊಂದನೆಯ ವಯಸ್ಸಿಗೆ ನಾನು ನಿವೃತ್ತಳಾದೆ. ನಗುವವರು ನಗಬಹುದು, ಮೊಣಕಾಲು ಮಾತ್ರ ಯಾರ ವಾದಕ್ಕೂ ಬಗ್ಗುವುದಿಲ್ಲ. ಒಂಬತ್ತು ವರ್ಷ ಚೆನ್ನೈಯ ರಸ್ತೆಗಳಲ್ಲಿ ರೇಸ್ ಸೈಕಲ್ ತುಳಿಯುವುದೇ ನನ್ನ ಉದ್ಯೋಗವಾಗಿತ್ತು. ಪೆರುಂಗುಡಿಯ ಕಂಪನಿಯೊಂದು ತನ್ನ ಹೆಸರು ನಾಲ್ಕು ಜನರ ಕಣ್ಣಿಗೆ ಬೀಳಲೆಂದು ಹೆಂಗಸರ ತಂಡವೊಂದನ್ನು ಸಾಕಿತ್ತು. ಅವರ ಕಡತದಲ್ಲಿ ನಾನು ‘ಎಕ್ಸಿಕ್ಯೂಟಿವ್’. ಆ ಕಟ್ಟಡದ ಲಿಫ್ಟ್ ಯಾವ ಮೂಲೆಯಲ್ಲಿದೆ ಎಂಬುದು ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಈಗ ಬೆಳಗಿನ ಹೊತ್ತು ಕಡಲ ರಸ್ತೆಯಲ್ಲಿ ಹೊಸ ಹುಡುಗಿಯರು ಸಿಗುತ್ತಾರೆ. ಚಹಾದಂಗಡಿಯ ಮುಂದೆ ಸೈಕಲ್ ಒರಗಿಸಿ ಕೇಳುತ್ತಾರೆ: “ಅಕ್ಕಾ, ನನ್ನ ಸ್ಟ್ರೆಂತ್ ಯಾವುದು, ವೀಕ್‌ನೆಸ್ ಯಾವುದು ಅಂತ ಹೇಗೆ ಗೊತ್ತಾಗತ್ತೆ?” ಉತ್ತರ ಕೊಡುವಷ್ಟರಲ್ಲಿ ಅವರೇ ಫೋನ್ ತೆಗೆದು ಬಣ್ಣದ ಗೆರೆಗಳನ್ನು ತೋರಿಸುತ್ತಾರೆ. ಗೆರೆಗಳ ಮೇಲೆ ನನಗೆ ದ್ವೇಷವಿಲ್ಲ. ಆದರೆ ನನ್ನ ಬಲ ಯಾವುದು, ದೌರ್ಬಲ್ಯ ಯಾವುದು ಎಂದು ತಿಳಿಯಲು ನನಗೆ ಎಂಟು ವರ್ಷ ಹಿಡಿಯಿತು. ಅಷ್ಟೂ ಕಾಲ ನಾನು ಒಂದನ್ನು ಇನ್ನೊಂದೆಂದು ತಿಳಿದಿದ್ದೆ. ಅದರ ನಷ್ಟ ನನಗೆ ತಟ್ಟಲಿಲ್ಲ, ನನ್ನ ತಂಡದ ಸೆಲ್ವಿಗೆ ತಟ್ಟಿತು. ಆದ್ದರಿಂದ ಇದನ್ನು ಬರೆದಿಡುವುದು ನ್ಯಾಯ.

ಮೊದಲು ಉಪ್ಪಿನ ವಿಷಯ. ನಮ್ಮ ಕೋಚ್ ದೊರೈ ಸರ್ ಪಲ್ಲಾವರಂನವರು. ಸೈನ್ಯದಲ್ಲಿ ಇಪ್ಪತ್ತು ವರ್ಷ ಸೈಕಲ್ ತುಳಿದು ಬಂದವರು. ತಂಡಕ್ಕೆ ಸೇರಿದ ದಿನವೇ ಅವರು ನಮ್ಮ ಕೈಗೆ ಕಪ್ಪು ಜರ್ಸಿ ಕೊಟ್ಟರು. ಚೆನ್ನೈಯ ಬಿಸಿಲಿನಲ್ಲಿ ಕಪ್ಪು! ಸವಾರಿ ಮುಗಿದ ಮೇಲೆ ನಾವು ಬಟ್ಟೆ ಬದಲಾಯಿಸಬೇಕು, ಅವರು ಆ ಜರ್ಸಿಗಳನ್ನು ತಮ್ಮ ಮನೆಯ ಮುಂದಿನ ಹಗ್ಗಕ್ಕೆ ಸಾಲಾಗಿ ನೇತುಹಾಕಬೇಕು, ಕನ್ನಡಕ ಏರಿಸಿ ಒಂದೊಂದನ್ನೇ ಓದಬೇಕು. ಗಾಳಿಗೆ ಎದೆಯೊಡ್ಡಿ ಮುಂದೆ ತುಳಿದವಳ ಎದೆಯ ಮೇಲೆ ಬೆವರು ಆಗಿಂದಾಗ ಆರಿ ಬಿಳಿಯ ಉಪ್ಪಿನ ಗೆರೆ ಮೂಡುತ್ತದೆ. ಇನ್ನೊಬ್ಬಳ ಹಿಂದೆ ಅಡಗಿ ಬಂದವಳ ಎದೆ ಒದ್ದೆಯಾಗಿಯೇ ಇರುತ್ತದೆ. ಇದು ಅವರ ಶಾಸ್ತ್ರ.

ಕಾಲೇಜಿನಲ್ಲಿ ಐದು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು ನಾನು. ಸುಮ್ಮನಿರುವುದು ಹೇಗೆ?

“ಸರ್, ಒಬ್ಬೊಬ್ಬರ ಬೆವರಲ್ಲಿ ಉಪ್ಪು ಒಂದೊಂದು ಥರ. ಹಿಂದಿನ ರಾತ್ರಿ ಉಪ್ಪಿನಕಾಯಿ ತಿಂದವಳು ನಿಮ್ಮ ಲೆಕ್ಕದಲ್ಲಿ ಚಾಂಪಿಯನ್ ಆಗ್ತಾಳೆ.”

ಅವರು ನನ್ನ ಜರ್ಸಿಯ ಎದೆಯನ್ನು ಉಗುರಿನಿಂದ ಕೆರೆದು ತೋರಿಸಿದರು. ಹಿಟ್ಟಿನಂತೆ ಉದುರಿತು. “ಉಪ್ಪು ಪೊಯ್ ಸೊಲ್ಲಾದು ಮಾ,” ಎಂದರು. ಉಪ್ಪು ಸುಳ್ಳು ಹೇಳುವುದಿಲ್ಲವಂತೆ. ನನ್ನ ಎದೆಯಲ್ಲಿ ಎಲ್ಲರಿಗಿಂತ ಹೆಚ್ಚು ಬಿಳುಪಿತ್ತು. ಒಳಗೊಳಗೇ ಹಿಗ್ಗಿದೆ. ಶಾಸ್ತ್ರವನ್ನು ನಂಬದಿದ್ದರೂ ಅದು ಕೊಟ್ಟ ತೀರ್ಪನ್ನು ಮಾತ್ರ ಇಟ್ಟುಕೊಂಡೆ. ಇಂಥ ವಾದಿಗಳನ್ನು ವೇದಿಕೆಯ ಮೇಲೆ ನಾನೇ ಎಷ್ಟೋ ಸಲ ಹರಿದು ಹಾಕಿದ್ದೇನೆ.

ಆ ಬೆಳಗುಗಳನ್ನು ಈಗ ನೆನೆದರೆ ಅವು ನಡೆದವೋ ಕನಸಿನಲ್ಲಿ ಕಂಡವೋ ಎಂದು ಅನುಮಾನವಾಗುತ್ತದೆ. ನಸುಕಿನಲ್ಲಿ ವೇಲಚೇರಿಯ ಮನೆಯಿಂದ ಹೊರಬಿದ್ದರೆ ಮಾಲ್‌ಗಳು ಕಣ್ಣು ಮುಚ್ಚಿ ನಿಂತಿರುತ್ತಿದ್ದವು. ಮೇಲೆ ಖಾಲಿ ರೈಲೊಂದು ದೀಪ ಹೊತ್ತಿಸಿಕೊಂಡು, ಯಾರಿಗೂ ಬೇಡವಾದ ಮೆರವಣಿಗೆಯಂತೆ ಸಾಗುತ್ತಿತ್ತು. ಕಡಲ ರಸ್ತೆ ಮುಟ್ಟುವ ಹೊತ್ತಿಗೆ ಎಡಕ್ಕೆ ಬೂದುಬಣ್ಣದ ನೀರು, ಬಲಕ್ಕೆ ಗಾಳಿಮರಗಳು, ನಡುವೆ ನಾವು. ಚೈನಿನ ಸದ್ದು ಒಂದೇ ಶ್ರುತಿಗೆ ಬಂದಾಗ ಕಾಲುಗಳು ಯಾರದೋ ಆಗುತ್ತವೆ. ನಾನು ತುಳಿಯುತ್ತಿಲ್ಲ, ರಸ್ತೆಯೇ ನನ್ನ ಕೆಳಗೆ ಹಿಂದಕ್ಕೆ ಹರಿಯುತ್ತಿದೆ ಎನ್ನಿಸುತ್ತದೆ. ಹಾಗೆ ತೇಲುತ್ತಿದ್ದ ಗಳಿಗೆಗಳಲ್ಲೇ ನಾನು ನನ್ನ ಬಗ್ಗೆ ಅತಿ ದೊಡ್ಡ ಸುಳ್ಳುಗಳನ್ನು ನಂಬಿದೆ.

ಮೊದಲನೆಯ ಸುಳ್ಳು: ನಾನು ಬೆಟ್ಟ ಹತ್ತುವವಳು.

ಚೆನ್ನೈ ದೋಸೆಕಲ್ಲಿನ ಹಾಗೆ ಸಪಾಟು. ಇಲ್ಲಿ ಏರು ಬೇಕೆಂದರೆ ಮೇಲ್ಸೇತುವೆಯೇ ಗತಿ. ವೇಲಚೇರಿಯ ಮೇಲ್ಸೇತುವೆಯನ್ನು ಬೆಳಗಾಗುವ ಮೊದಲು ಇಪ್ಪತ್ತು ಸಲ ಹತ್ತಿ ಇಳಿಯುತ್ತಿದ್ದೆವು. ಪ್ರತಿ ಸಲವೂ ನಾನೇ ಮೊದಲು. ಬೆಟ್ಟದ ಪಂದ್ಯಕ್ಕೆ ತಂಡ ಆರಿಸುವಾಗ ದೊರೈ ಸರ್ ನನ್ನ ಹೆಸರು ಬಿಟ್ಟರು. ನಾನು ಅರ್ಧ ಗಂಟೆ ವಾದಿಸಿದೆ. ದತ್ತಾಂಶ ಮುಂದಿಟ್ಟೆ, ಅವರು ಆಡದ ಮಾತನ್ನೂ ಖಂಡಿಸಿದೆ.

“ಸರಿ ಮಾ. ಹೋಗಿ ಬಾ,” ಎಂದರು.

ಯೇಲಗಿರಿಯ ರಸ್ತೆಗೆ ಹದಿನಾಲ್ಕು ತಿರುವು. ಮೊದಲ ಎರಡು ತಿರುವಿನಲ್ಲಿ ಎಲ್ಲರನ್ನೂ ಹಿಂದೆ ಹಾಕಿದೆ. ಮೂರನೆಯದರಲ್ಲಿ ಏದುಸಿರು ಬಂತು. ನಾಲ್ಕನೆಯದರಲ್ಲಿ ಒಂದು ಮೇಕೆ ನನ್ನನ್ನು ದಾಟಿತು. ಇದು ಅಲಂಕಾರಕ್ಕೆ ಹೇಳಿದ್ದಲ್ಲ, ನಿಜವಾಗಿಯೂ ದಾಟಿತು. ಹಿಂದೆ ಸ್ಕೂಟರಿನಲ್ಲಿ ಬರುತ್ತಿದ್ದ ದೊರೈ ಸರ್ ಪಕ್ಕಕ್ಕೆ ಬಂದು, “ಈ ಫ್ಲೈಓವರ್ ಸ್ವಲ್ಪ ಉದ್ದ, ಅಲ್ಲವಾ?” ಎಂದರು. ಮೇಲ್ಸೇತುವೆ ಒಂದು ನಿಮಿಷದೊಳಗೆ ಮುಗಿಯುತ್ತದೆ. ಅಲ್ಲಿ ಗೆದ್ದವಳಿಗೆ ಒಂದು ನಿಮಿಷದ ಸಿಟ್ಟಿದೆ ಎಂದಷ್ಟೇ ಅರ್ಥ. ಸಪಾಟು ಊರಿನವರು ಮಾತ್ರ ಮಾಡಬಲ್ಲ ತಪ್ಪು ಇದು. ಹುಡುಗಿಯರೇ, ಮೇಲ್ಸೇತುವೆ ಹತ್ತಿ ನಿಮ್ಮನ್ನು ನೀವು ಬೆಟ್ಟದವರೆಂದು ಕರೆದುಕೊಳ್ಳಬೇಡಿ.

ಎರಡನೆಯ ಸುಳ್ಳು ಇದಕ್ಕಿಂತ ಕೆಟ್ಟದ್ದು, ಏಕೆಂದರೆ ಅದರಲ್ಲಿ ಅರ್ಧ ನಿಜವಿತ್ತು. ಗಾಳಿಗೆ ಮುಖ ಕೊಟ್ಟು ಮುಂದೆ ತುಳಿಯುವುದರಲ್ಲಿ ನನಗೆ ಸಮನಿಲ್ಲ ಎಂದುಕೊಂಡಿದ್ದೆ. ನಾನು ಮುಂದೆ ಇರುತ್ತಿದ್ದದ್ದು ನಿಜ. ಏಕೆ ಇರುತ್ತಿದ್ದೆ ಎಂದು ಯಾರೂ ಕೇಳಿರಲಿಲ್ಲ, ಎಲ್ಲರನ್ನೂ ಪ್ರಶ್ನಿಸುವ ನಾನೂ ಕೇಳಿಕೊಂಡಿರಲಿಲ್ಲ.

ಕೇಳಿದವಳು ಸೆಲ್ವಿ. ಎಣ್ಣೂರಿನ ಮೀನುಗಾರರ ಕೇರಿಯಿಂದ ಬಂದವಳು, ನನ್ನ ವಯಸ್ಸಿನವಳೇ, ಮಾತಿಗೆ ಮೊದಲು ನಗುವವಳು. ಅವಳು ಆಡಿದ್ದೆಲ್ಲ ತಮಿಳಿನಲ್ಲಿ. ಬೈಗುಳ ಸೋಸಿ ಕನ್ನಡಕ್ಕೆ ತಂದಿದ್ದೇನೆ.

ರೇಸ್ ಸೈಕಲ್ಲಿನಲ್ಲಿ ‘ಚಕ್ರ ಹಿಡಿಯುವುದು’ ಎಂದೊಂದು ವಿದ್ಯೆಯಿದೆ. ಮುಂದಿನವಳ ಹಿಂದಿನ ಚಕ್ರಕ್ಕೆ ನಿಮ್ಮ ಮುಂದಿನ ಚಕ್ರವನ್ನು ಒಂದು ಗೇಣು ದೂರದಲ್ಲಿ ಇಟ್ಟು ಸಾಗಬೇಕು. ಅವಳು ಗಾಳಿ ಸೀಳುತ್ತಾಳೆ, ಅವಳ ಬೆನ್ನ ಹಿಂದಿನ ಗಾಳಿಯಿಲ್ಲದ ಪೊಟರೆಯಲ್ಲಿ ನೀವು ದಣಿವು ಆರಿಸಿಕೊಳ್ಳುತ್ತೀರಿ. ಆಮೇಲೆ ನೀವು ಮುಂದೆ, ಅವಳು ಹಿಂದೆ. ಒಂದೇ ಷರತ್ತು: ಮುಂದಿನವಳು ತಟಕ್ಕನೆ ಬ್ರೇಕ್ ಹಾಕುವುದಿಲ್ಲ, ಗುಂಡಿಯನ್ನು ನಿಮ್ಮಿಂದ ಮರೆಮಾಚುವುದಿಲ್ಲ ಎಂದು ನಂಬಬೇಕು.

ಆ ನಂಬಿಕೆಯೇ ನನಗೆ ಬರಲಿಲ್ಲ. ನನ್ನ ಚಕ್ರ ಯಾವಾಗಲೂ ಎರಡು ಮಾರು ಹಿಂದೆ. ಅಲ್ಲಿ ಗಾಳಿಯೂ ಬಡಿಯುತ್ತಿತ್ತು, ದಣಿವೂ ಆರುತ್ತಿರಲಿಲ್ಲ. ಅದಕ್ಕೇ ಬೇಗ ಬೇಗ ಮುಂದಕ್ಕೆ ನುಗ್ಗುತ್ತಿದ್ದೆ. ನೋಡಿದವರು ಶೌರ್ಯ ಎಂದರು.

“ಯಾಕ್ ಡೀ ಅಷ್ಟು ದೂರ?” ಎಂದು ಸೆಲ್ವಿ ಕೇಳಿದಳು. “ನನ್ನ ಬೆನ್ನಲ್ಲಿ ಏನಾದ್ರೂ ವಾಸನೆ ಬರ್ತಿದ್ಯಾ?”

“ನೀನು ಬ್ರೇಕ್ ಹಾಕಲ್ಲ ಅನ್ನೋದಕ್ಕೆ ಏನು ಆಧಾರ?”

“ಬಸ್ಸಲ್ಲಿ ಬಾಯಿ ತೆರೆದು ನಿದ್ದೆ ಮಾಡ್ತೀಯಲ್ಲ, ಡ್ರೈವರ್ ಹತ್ರ ಲೈಸೆನ್ಸ್ ಕೇಳಿದ್ಯಾ?”

“ಬಸ್ಸಿಗೆ ನಿಯಂತ್ರಣ ವ್ಯವಸ್ಥೆ ಇದೆ. ನಿನಗಿಲ್ಲ.”

“ಅಯ್ಯೋ ಅಮ್ಮಾ, ವಕೀಲಮ್ಮಾ,” ಎಂದು ಎರಡೂ ಕೈ ಬಿಟ್ಟು ನಮಸ್ಕಾರ ಮಾಡಿದಳು, ಸೈಕಲ್ ಓಡುತ್ತಿರುವಾಗಲೇ. ನನ್ನ ಅಂತರ ಮೂರು ಮಾರಾಯಿತು.

ಇದೆಲ್ಲ ತಮಾಷೆಯಾಗಿಯೇ ಉಳಿಯಬಹುದಿತ್ತು. ಆದರೆ ಏಳನೆಯ ವರ್ಷ ರಾಷ್ಟ್ರಮಟ್ಟದ ತಂಡಪಂದ್ಯ ನಮ್ಮ ಕಡಲ ರಸ್ತೆಗೇ ಬಂತು. ಹೊರಡುವ ಗೆರೆಯಿಂದ ಉತ್ತರಕ್ಕೆ ಇಪ್ಪತ್ತು ಕಿಲೋಮೀಟರ್ ಹೋಗಬೇಕು, ಅಲ್ಲಿ ತಿರುಗಿ ಅಷ್ಟೇ ದೂರ ವಾಪಸು ಬರಬೇಕು. ನಾಲ್ವರು ಒಟ್ಟಾಗಿ ಹೊರಡುತ್ತಾರೆ. ಮೂರನೆಯವಳ ಚಕ್ರ ಗೆರೆ ದಾಟಿದ ಕ್ಷಣವೇ ತಂಡದ ಸಮಯ. ಮೊದಲ ಮೂರು ತಂಡಗಳಿಗೆ ಪದಕ. ನನಗೆ ಪದಕ ಎಂದರೆ ಗೋಡೆಗೊಂದು ಅಲಂಕಾರ. ಸೆಲ್ವಿಗೆ ಹಾಗಲ್ಲ. ಕ್ರೀಡಾ ಕೋಟಾದಲ್ಲಿ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಲು ಅವಳಿಗೆ ರಾಷ್ಟ್ರಮಟ್ಟದ ಪದಕವೊಂದು ಬೇಕಿತ್ತು, ವಯಸ್ಸಿನ ಮಿತಿಗೆ ಇನ್ನು ಎರಡೇ ವರ್ಷ ಉಳಿದಿತ್ತು. ಕಂಪನಿಗೆ ಬೇಸರ ಬಂದ ದಿನ ನಮ್ಮ ತಂಡ ಮುಗಿಯುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಅಂದು ನನಗೆ ಅಪ್ಪನ ಮನೆ ಇತ್ತು. ಅವಳ ಮನೆಗೆ ಅವಳೇ ಆಸರೆ.

ಆ ವರ್ಷ ಏನಾಯಿತೆಂದು ಚುಟುಕಾಗಿ ಹೇಳುತ್ತೇನೆ, ಉದ್ದ ಹೇಳಲು ನಾಚಿಕೆ. ನಾನು ಅಂತರ ಬಿಟ್ಟೆ. ನನ್ನ ಹಿಂದೆ ಇದ್ದ ಸೆಲ್ವಿ ಆ ಅಂತರವನ್ನು ಮತ್ತೆ ಮತ್ತೆ ತುಂಬಿ ತುಂಬಿ ಬಸವಳಿದಳು. ನನ್ನ ಸರದಿ ಬಂದಾಗ ನಾನು ಸಿಡಿದು ಮುಂದಕ್ಕೆ ನುಗ್ಗಿದೆ. ತಂಡ ಹರಿದ ಮಣಿಸರವಾಯಿತು. ನಾಲ್ಕನೆಯ ಸ್ಥಾನ. ಸೆಲ್ವಿ ಗೆರೆಯಾಚೆ ರಸ್ತೆಯಂಚಿನಲ್ಲಿ ಕೂತು ಶೂ ಬಿಚ್ಚಿದಳು. ಅಂದು ಅವಳು ನಗಲಿಲ್ಲ.

ಹಗ್ಗದ ಮೇಲೆ ನನ್ನ ಜರ್ಸಿ ಸುಣ್ಣ ಬಳಿದಂತಿತ್ತು. “ನೋಡಿ ಸರ್, ಎಲ್ಲರಿಗಿಂತ ಹೆಚ್ಚು ಕೆಲಸ ಮಾಡಿದ್ದು ನಾನು,” ಎಂದೆ.

“ಹೌದು ಮಾ,” ಎಂದರು ದೊರೈ ಸರ್. “ಎಲ್ಲರಿಗಿಂತ ಹೆಚ್ಚು ಒಬ್ಬಳೇ ಇದ್ದದ್ದೂ ನೀನೇ.”

ಇದೂ ಸಾಕ್ಷ್ಯವಲ್ಲ, ಬರೀ ಮಾತು ಎಂದುಕೊಂಡೆ. ಸಾಕ್ಷ್ಯವೂ ಮುಂದಿನ ತಿಂಗಳೇ ಬಂತು. ಕಂಪನಿ ನಮ್ಮ ಪೆಡಲುಗಳಿಗೆ ಬಲ ಅಳೆಯುವ ಯಂತ್ರ ಕೂರಿಸಿತು. ಪೆರುಂಗುಡಿಯ ಕಚೇರಿಯಿಂದ ಲ್ಯಾಪ್‌ಟಾಪ್ ಹಿಡಿದು ಬಂದವನೊಬ್ಬ ಪರದೆ ತೋರಿಸಿದ. ಮುಂದೆ ಇದ್ದಾಗ ಸೆಲ್ವಿಯ ಗೆರೆಯೂ ನನ್ನ ಗೆರೆಯೂ ಒಂದೇ ಎತ್ತರ. ಹಿಂದೆ ಇದ್ದಾಗ ಅವಳ ಗೆರೆ ಮಲಗಿದ ಮಗುವಿನಂತೆ ಶಾಂತ. ನನ್ನದು ಗರಗಸ. ಅಂದರೆ ನಾನು ಬಲಶಾಲಿಯಲ್ಲ. ವಿಶ್ರಾಂತಿ ತೆಗೆದುಕೊಳ್ಳಲು ಬಾರದವಳು. ಉಪ್ಪು ಎಂದಿನಿಂದಲೂ ಇದನ್ನೇ ಹೇಳುತ್ತಿತ್ತು. ನಾನು ಅದನ್ನು ಪದಕವೆಂದು ಓದಿಕೊಂಡಿದ್ದೆ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆಧಾರ ಕೇಳಿದೆ, ಆಧಾರ ಸಿಕ್ಕಿತು. ಆದರೆ ಮರುದಿನ ರಸ್ತೆಗಿಳಿದರೆ ಅದೇ ಎರಡು ಮಾರು. ದೌರ್ಬಲ್ಯ ತಿಳಿದರೆ ಹೋಗುತ್ತದೆ ಎಂದು ಹೇಳುವವರು ಯಾರೇ ಇರಲಿ, ಅವರನ್ನು ನಂಬಬೇಡಿ. ಕಣ್ಣು ಸೆಲ್ವಿಯ ಚಕ್ರಕ್ಕೆ ಅಂಟಿಕೊಳ್ಳುತ್ತಿತ್ತು. ದಿಟ್ಟಿಸಿದಷ್ಟೂ ಅದು ನನ್ನತ್ತ ಬರುತ್ತಿರುವಂತೆ ಕಾಣುತ್ತಿತ್ತು, ಬೆರಳುಗಳು ತಾವಾಗಿ ಬ್ರೇಕ್ ಹಿಡಿಯುತ್ತಿದ್ದವು.

ದಾರಿ ತೋರಿಸಿದ್ದು ನನ್ನ ಅಪ್ಪ. ಅವರಿಗೆ ಸೈಕಲ್ ಎಂದರೆ ಹಾಲು ತರುವ ವಾಹನ. ಕುಂದಾಪುರದ ಕಡೆಯಿಂದ ಹದಿನಾರರ ವಯಸ್ಸಿಗೆ ಬಂದು, ವೇಲಚೇರಿಯ ಸಸ್ಯಾಹಾರಿ ಹೋಟೆಲೊಂದರಲ್ಲಿ ತಟ್ಟೆ ಎತ್ತುವುದರಿಂದ ಹಿಡಿದು ಮೇಲ್ವಿಚಾರಕರಾಗುವವರೆಗೆ ಕಳೆದವರು. ಒಂದು ಭಾನುವಾರ ಸವಾರಿ ಮುಗಿಸಿ ಸೀದಾ ಹೋಟೆಲಿಗೆ ಹೋದೆ. ತಿಂಡಿಯ ನೂಕುನುಗ್ಗಲು. ನನ್ನ ಮುಖ ಕಂಡು ಅಪ್ಪ ವಿಷಯ ಬಿಡಿಸಿಕೊಂಡರು.

“ಎಂತದೆ ಹೆಣೆ, ಮುಂದೆ ಹೋಪವಳ ಬೆನ್ನ್ ಕಂಡ್ರೆ ನಿಂಗೆ ಹೆದ್ರಿಕಿಯಾ?”

“ಬೆನ್ನಲ್ಲ ಅಪ್ಪ, ಚಕ್ರ.”

“ಎಲ್ಲ್ ನೋಡ್ತೆ?”

“ಚಕ್ರಾನೇ. ಮತ್ತೆಲ್ಲಿ ನೋಡಲಿ?”

ಅಪ್ಪ ಅಡುಗೆಮನೆಯ ಬಾಗಿಲಿನತ್ತ ಕೈ ತೋರಿಸಿದರು. ಸಪ್ಲೈಯರುಗಳು ಬರುತ್ತಿದ್ದರು, ಒಬ್ಬರ ಬೆನ್ನಿಗೆ ಒಬ್ಬರು, ಪ್ರತಿಯೊಬ್ಬರ ತೋಳಿನ ಮೇಲೆ ಮೊಣಕೈವರೆಗೆ ಸಾಲಾಗಿ ದೋಸೆಯ ತಟ್ಟೆಗಳು. ನಡುವೆ ಒಂದು ಗೇಣು ಜಾಗವಿಲ್ಲ. ನೆಲ ಒದ್ದೆ. ಸಾಂಬಾರಿನ ಬಟ್ಟಲು ತುಳುಕುತ್ತಿಲ್ಲ. ಹುಟ್ಟಿದಂದಿನಿಂದ ನೋಡಿದ್ದೆ, ಅಂದು ಕಂಡೆ.

“ಅವ್ರ್ ಮುಂದಿನವನ ಕಾಲ್ ಕಾಂತ್ರಾ? ಕಂಡ್ರೆ ಬಿದ್ದೇ ಹೋತ್ರ್. ಹೊಸ್ತಾಗಿ ಬಂದವ್ರಿಗೆ ನಾನ್ ಹೇಳುದ್ ಒಂದೇ: ಮುಂದಿನವನ ಹೆಗಲ ಮೇಲಿಂದ ಟೇಬಲ್ ಕಾಣ್. ಅವನ್ ಕಾಲ್ ಅವನೇ ಕಾಣ್ತಾ.”

“ಅವನು ನಿಂತುಬಿಟ್ಟರೆ?”

“ನಿಂತ್ರೆ ಹೆಗಲು ಮೊದ್ಲ್ ಹೇಳತ್ತ್, ಕಾಲ್ ಆಮೇಲೆ. ಗಲಾಟಿ ಮಾಡ್ಬೇಡ, ಕಾಪಿ ಕುಡಿ.”

ನಾನು ಕಾಫಿ ಆರುವವರೆಗೆ ಆ ಬಾಗಿಲನ್ನೇ ನೋಡುತ್ತ ಕೂತೆ. ಆವಿಯೊಳಗಿಂದ ಬಿಳಿ ಅಂಗಿಗಳು ಒಂದರ ಹಿಂದೊಂದು ತೇಲಿ ಬಂದು ಬೆಳಕಿಗೆ ಸೇರುತ್ತಿದ್ದವು. ಕಡಲ ರಸ್ತೆಯ ಬೆಳಗಿನ ಹಾಗೆಯೇ ಇತ್ತು ಅದು. ಹೆಗಲು ನಿಜವಾಗಿಯೂ ಮೊದಲು ಹೇಳುತ್ತಿತ್ತು.

ಒಂದು ವರ್ಷ ಅಭ್ಯಾಸ ಮಾಡಿದೆ. ಎರಡು ಮಾರು ಒಂದಾಯಿತು, ಒಂದು ಅರ್ಧವಾಯಿತು. ಗೇಣು ಆಗಲಿಲ್ಲ. ಎಂಟನೆಯ ವರ್ಷ ಅದೇ ರಸ್ತೆಯಲ್ಲಿ, ಅದೇ ಪಂದ್ಯಕ್ಕೆ, ಸೆಲ್ವಿಯ ವಯಸ್ಸಿನ ಮಿತಿಯೊಳಗಿನ ಕೊನೆಯ ಅವಕಾಶಕ್ಕೆ ನಾವು ನಾಲ್ವರು ನಿಂತೆವು: ಸೆಲ್ವಿ, ಜೆನ್ನಿ, ಅಮುದಾ, ನಾನು.

ಉತ್ತರಕ್ಕೆ ಹೋಗುವಾಗ ಮೈ ಹಗುರ. ನಾನು ಮುಂದೆ ಬಂದಾಗಲೆಲ್ಲ ಸರದಿ ಮೀರಿ ತುಳಿದೆ. ದೊರೈ ಸರ್ ಬೆಂಗಾವಲಿನ ಸ್ಕೂಟರಿನಿಂದ “ಸಾಕು ಮಾ, ಸಾಕು!” ಎಂದು ಕೂಗಿದ್ದು ಕೇಳಿಸಿತು, ಅಂದು ನನಗೆ ರೆಕ್ಕೆ ಮೂಡಿತ್ತು. ತಿರುವಿನಲ್ಲಿ ಸುತ್ತಿ ದಕ್ಷಿಣಕ್ಕೆ ಮುಖ ಮಾಡಿದೊಡನೆ ಗೊತ್ತಾಯಿತು, ಅಷ್ಟು ಹೊತ್ತು ಕಡಲ ಗಾಳಿ ನನ್ನ ಬೆನ್ನಿಗಿತ್ತು ಎಂದು. ನನ್ನ ಬಲ ಎಂದುಕೊಂಡದ್ದು ಗಾಳಿಯದು. ಈಗ ಅದೇ ಗಾಳಿ ಎದುರು ಗೋಡೆಯಾಗಿ ನಿಂತಿತು, ನನ್ನ ಕಾಲಿನಲ್ಲಿ ಏನೂ ಉಳಿದಿರಲಿಲ್ಲ.

ಎರಡು ಕಿಲೋಮೀಟರ್ ಬರುವಷ್ಟರಲ್ಲಿ ಅಮುದಾಳ ಟೈರ್ ಒಡೆಯಿತು. ನಿಲ್ಲುವಂತಿಲ್ಲ, ಅವಳನ್ನು ಬಿಟ್ಟು ಬಂದೆವು. ಉಳಿದವರು ಮೂವರು. ಸಮಯ ನಿಲ್ಲುವುದು ಮೂರನೆಯ ಚಕ್ರಕ್ಕೆ. ಆ ಮೂರನೆಯ ಚಕ್ರ ನನ್ನದು.

ಜೆನ್ನಿ ಮುಂದೆ, ಸೆಲ್ವಿ ನಡುವೆ. ನಾನು ಎಂದಿನಂತೆ ಸ್ವಲ್ಪ ದೂರ. ಗಾಳಿ ನನ್ನನ್ನು ಮೆಲ್ಲನೆ ಕಳಚತೊಡಗಿತು. ಅಂತರ ಒಂದು ಮಾರಾಯಿತು, ಒಂದೂವರೆಯಾಯಿತು. ಇಲ್ಲಿ ಕಳಚಿಕೊಂಡರೆ ಸೆಲ್ವಿ ಎಷ್ಟು ಬೇಗ ಗೆರೆ ಮುಟ್ಟಿದರೂ ವ್ಯರ್ಥ. ಕೊನೆಯ ಕಸುವನ್ನೆಲ್ಲ ಹಾಕಿ ಅಂತರ ತುಂಬಿದೆ. ತುಂಬಿದ ಮೇಲೆ ಎರಡೇ ದಾರಿ: ಚಕ್ರ ನೋಡಿ ಬ್ರೇಕ್ ಹಿಡಿಯುವುದು, ಇಲ್ಲವೇ ನೋಡದಿರುವುದು.

ತಲೆಯೆತ್ತಿದೆ. ಸೆಲ್ವಿಯ ಎಡ ಹೆಗಲಿನ ಮೇಲಿಂದ ದೂರದಲ್ಲಿ ಒಂದು ತೆಂಗಿನ ಮರ ಕಂಡಿತು. ಅದು ನನ್ನ ಟೇಬಲ್ ಎಂದುಕೊಂಡೆ. ಅದು ಹಿಂದೆ ಸರಿದಾಗ ಒಂದು ಹಳದಿ ಮನೆ. ಅದು ಹೋದಾಗ ಒಂದು ಮೋಡ. ಗಾಳಿಯ ಸದ್ದು ನಿಂತಿತು. ಒಂದು ಗೇಣಿನ ಆ ಪೊಟರೆಯಲ್ಲಿ ಎಷ್ಟು ನಿಶ್ಶಬ್ದವಿದೆ ಎಂದು ಎಂಟು ವರ್ಷ ನನಗೆ ಗೊತ್ತೇ ಇರಲಿಲ್ಲ. ಬೆಚ್ಚಗೆ, ಮಬ್ಬಾಗಿ, ತಾಯಿಯ ಸೆರಗಿನ ಮರೆಯಲ್ಲಿ ನಡೆದಂತೆ. ಅವಳ ಹೆಗಲು ಒಂದು ಚೂರು ಬಾಗಿದರೆ ನನ್ನ ಸೈಕಲ್ ತಾನಾಗಿ ಬಾಗುತ್ತಿತ್ತು. ಮುಂದೆ ಅವರಿಬ್ಬರೇ ಸರದಿ ಬದಲಾಯಿಸಿಕೊಳ್ಳುತ್ತ ಬಂದರು, ನನ್ನನ್ನು ಕರೆಯಲಿಲ್ಲ. ಎಷ್ಟು ಹೊತ್ತು ಹಾಗೆ ಬಂದೆನೋ. ಗೆರೆ ದಾಟಿದ್ದು ಜನರ ಕೂಗಿನಿಂದ ತಿಳಿಯಿತು.

ಮೂರನೆಯ ಸ್ಥಾನ. ಸೆಲ್ವಿ ಮೊದಲು ನಕ್ಕಳು, ಆಮೇಲೆ ಅತ್ತಳು. ಕೆಲವು ತಿಂಗಳ ನಂತರ ಅವಳಿಗೆ ಕೆಲಸ ಸಿಕ್ಕಿತು. ಅದು ಅವಳ ಕಥೆ, ಅವಳೇ ಬರೆಯಲಿ.

ಅಂದು ಮಧ್ಯಾಹ್ನ ಪಲ್ಲಾವರಂನಲ್ಲಿ ದೊರೈ ಸರ್ ಜರ್ಸಿಗಳನ್ನು ಹಗ್ಗಕ್ಕೆ ಹಾಕಿದರು. ಸೆಲ್ವಿಯದರ ಎದೆ ಬೆಳ್ಳಗೆ. ಜೆನ್ನಿಯದೂ ಹಾಗೆ. ನನ್ನದು ಕಪ್ಪೇ ಕಪ್ಪು, ತೊಟ್ಟಿಕ್ಕುತ್ತಿತ್ತು. ಮೊದಲರ್ಧದಲ್ಲಿ ಮೂಡಿದ್ದ ಉಪ್ಪನ್ನು ಆಮೇಲಿನ ಬೆವರು ತೊಳೆದಿತ್ತು. ಇದಕ್ಕೆ ಶಾಸ್ತ್ರ ಬೇಕಿಲ್ಲ, ಸಾಮಾನ್ಯ ವಿಜ್ಞಾನ ಸಾಕು. ಅವರು ಅದನ್ನು ಹಿಂಡಿದರು. ಮಣ್ಣಿನ ಮೇಲೆ ನೀರು ಸುರಿಯಿತು.

“ಏನ್ ಮಾ, ನೀ ಇವತ್ತು ಪಂದ್ಯದಲ್ಲಿ ಇದ್ಯಾ ಇಲ್ವಾ?”

ನಾನು ಉತ್ತರಿಸುವ ಮೊದಲೇ ಸೆಲ್ವಿ, “ಇದ್ದಳು ಸರ್,” ಎಂದಳು.

ಆಗ ನನಗೊಂದು ಪ್ರಶ್ನೆ ಹೊಳೆಯಿತು. ಅಷ್ಟೂ ದೂರ, ಜೆನ್ನಿಗೆ ಸರದಿ ಬಿಟ್ಟು ಸರಿಯುವಾಗಲೂ, ಅವಳು ಒಮ್ಮೆಯೂ ಹಿಂದೆ ನೋಡಿರಲಿಲ್ಲ. ಅವಳ ಕೆಲಸ, ಅವಳ ಮನೆ ಎಲ್ಲವೂ ನಾನು ಕಳಚಿಕೊಂಡೆನೋ ಇಲ್ಲವೋ ಎಂಬುದರ ಮೇಲೆ ನಿಂತಿತ್ತು. ಬೇರೆ ಯಾರಾದರೂ ಹತ್ತು ಸಲ ತಿರುಗಿ ನೋಡುತ್ತಿದ್ದರು. ನಾನಂತೂ ನೂರು ಸಲ.

“ನಾನು ಹಿಂದೆ ಇದ್ದೀನಿ ಅಂತ ನಿನಗೆ ಹೇಗೆ ಗೊತ್ತಿತ್ತು?” ಎಂದು ಕೇಳಿದೆ.

“ಗೊತ್ತಿರಲಿಲ್ಲ.”

“ಮತ್ತೆ ಒಂದು ಸಲನಾದ್ರೂ ಯಾಕೆ ತಿರುಗಿ ನೋಡಲಿಲ್ಲ?”

ಸೆಲ್ವಿ ನನ್ನ ಒದ್ದೆ ಜರ್ಸಿಯನ್ನು ಕೊಡವಿ ತನ್ನದರ ಪಕ್ಕದಲ್ಲಿ ಹಾಕುತ್ತಿದ್ದಳು.

“ತಿರುಗಿದ್ರೆ ನನ್ನ ಚಕ್ರ ಅಲ್ಲಾಡತ್ತೆ ಡೀ,” ಎಂದಳು. “ನೀ ಹಿಂದೆ ಇದ್ದಿದ್ರೆ, ನೀನೇ ಬಿದ್ದುಬಿಡ್ತಿದ್ದೆ.”

ಹಗ್ಗದ ಮೇಲೆ ನಾಲ್ಕು ಕಪ್ಪು ಜರ್ಸಿಗಳು ಗಾಳಿಗೆ ಒಂದನ್ನೊಂದು ತಾಗುತ್ತ ಒಣಗುತ್ತಿದ್ದವು.